ಅಚ್ಚಿನ ಮೊಳೆಯೂ ಸಾಲದ ಪತ್ರವೂ

ಯೋಹಾನ್ನೆಸ್ ಗುಟೆನ್‌ಬರ್ಗನ ಹೆಸರನ್ನು ಕೇಳದ ಅಕ್ಷರಸ್ಥರು ವಿರಳ. ಆದರೆ ಆತನು ಅಚ್ಚುಹಾಕಿದನೆಂದು ವಿದ್ವಾಂಸರು ಒಪ್ಪಿರುವ ಗ್ರಂಥಗಳಲ್ಲಿ ಒಂದರ ಮೇಲಾದರೂ ಆತನ ಹೆಸರಿಲ್ಲವೆಂಬುದನ್ನು ಅಷ್ಟು ಜನ ಅರಿತಿರಲಾರರು. ಜೀವಿತಕಾಲದಲ್ಲಿ ಬರೆದ ಭಾವಚಿತ್ರವೊಂದೂ ಉಳಿದಿಲ್ಲ. ಲೋಕದ ಎಷ್ಟೋ ಗ್ರಂಥಕರ್ತರ ಹೆಸರು ಅಳಿಯದಂತೆ ಮಾಡಿದ ಈ ಪುರುಷನನ್ನು ನಾವು ಅರಿಯಬೇಕಾಗಿರುವುದು ಬಹುಮಟ್ಟಿಗೆ ನ್ಯಾಯಸ್ಥಾನದ ದಾಖಲೆಗಳಿಂದ, ಸಾಲದ ಲೆಕ್ಕಗಳಿಂದ. ಈ ದಿನ ನಾನು ಹೇಳಬೇಕೆಂದಿರುವುದು ಆ ಲೆಕ್ಕಗಳ ಕಥೆಯನ್ನು.

ಅದಕ್ಕೆ ಮೊದಲು ಪೂರ್ವದೇಶಗಳಿಗೆ ಸಲ್ಲತಕ್ಕ ಗೌರವವನ್ನು ಸಲ್ಲಿಸಬೇಕು. ಒಂದು ಪುಟವನ್ನೆಲ್ಲ ಮರದ ಹಲಗೆಯಲ್ಲಿ ಕೆತ್ತಿ ಅದರಿಂದ ಪ್ರತಿಗಳನ್ನು ತೆಗೆಯುವ ಪದ್ಧತಿ ಚೀನದಲ್ಲಿ ಬಹು ಹಿಂದಿನಿಂದಲೂ ಇದ್ದಿತು, ಕ್ರಿ. ಶ. ೮೬೮ರ ತೇದಿಯುಳ್ಳ ವಜ್ರಸೂತ್ರದ ಸುರುಳಿಯೊಂದು ಈಗ ಲಂಡನ್ನಿನಲ್ಲಿದೆ. ಆದರೆ ಹಲಗೆಯಲ್ಲಿ ಕೆತ್ತಿದ ಅಕ್ಷರ ಆ ಪುಟಕ್ಕೇ ಸೆರೆಯಾದುದು. ಮತ್ತೊಂದು ಪುಟಕ್ಕೆ ಬಾರದು. ಅಕ್ಷರಗಳನ್ನು ಬಿಡಿಬಿಡಿಯಾಗಿ ಮಾಡಿ, ಜೋಡಿಸಿ, ಅಚ್ಚೊತ್ತಿ, ಬಿಚ್ಚಿ, ಮರಳಿ ಜೋಡಿಸಬಹುದೆಂಬ ಯೋಚನೆ ೧೦೪೦ರ ದಶಕದಲ್ಲಿ ಬೀ ಷೆಂಗ್ ಎಂಬ ಸಾಮಾನ್ಯ ಮನುಷ್ಯನಿಗೆ ಹೊಳೆಯಿತು. ಆತನು ಹಸಿ ಜೇಡಿಮಣ್ಣಿನಲ್ಲಿ ಅಕ್ಷರಗಳನ್ನು ಕೆತ್ತಿ ಬೆಂಕಿಯಲ್ಲಿ ಸುಟ್ಟು ಗಟ್ಟಿಮಾಡಿದನು. ಕಬ್ಬಿಣದ ತಗಡಿನ ಮೇಲೆ ರಾಳ, ಮೇಣ, ಕಾಗದದ ಬೂದಿ ಇವುಗಳ ಮಿಶ್ರಣವನ್ನು ಹರಡಿ, ಅದರ ಮೇಲೆ ಮೊಳೆಗಳನ್ನು ನಿಲ್ಲಿಸಿ, ತಗಡನ್ನು ಕಾಯಿಸಿ ಹಲಗೆಯಿಂದ ಒತ್ತಿ ಸಮಮಾಡುತ್ತಿದ್ದನು. ಕೆಲಸ ನಿಲ್ಲಬಾರದೆಂದು ಎರಡು ತಗಡುಗಳನ್ನು ಇಟ್ಟುಕೊಂಡಿದ್ದನು; ಒಂದರಿಂದ ಅಚ್ಚೊತ್ತುತ್ತಿರುವಾಗ ಇನ್ನೊಂದರ ಮೇಲೆ ಜೋಡಣೆ. ಇಷ್ಟು ವಿವರವಾಗಿ ಇದನ್ನೆಲ್ಲ ಬರೆದಿಟ್ಟವನು ಷೆನ್ ಕುವೊ ಎಂಬ ಪಂಡಿತ. ಅವನು ಬರೆಯದಿದ್ದರೆ ಬೀ ಷೆಂಗನ ಹೆಸರೂ ಮಣ್ಣಾಗಿ ಹೋಗುತ್ತಿತ್ತು.

ಕೊರಿಯ ದೇಶದವರು ಲೋಹಕ್ಕೆ ಕೈಹಾಕಿದರು. ೧೩೭೭ರಲ್ಲಿ ಲೋಹದ ಮೊಳೆಗಳಿಂದ ಅಚ್ಚಾದ ‘ಜಿಕ್ಜಿ’ ಎಂಬ ಬೌದ್ಧಗ್ರಂಥದ ಎರಡನೆಯ ಸಂಪುಟ ಪ್ಯಾರಿಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಇಂದಿಗೂ ಇದೆ. ೧೪೦೩ರಲ್ಲಿ ಅಲ್ಲಿಯ ದೊರೆ ಮೊಳೆಯ ಎರಕಕ್ಕೆಂದೇ ಒಂದು ಕಾರ್ಯಶಾಲೆಯನ್ನು ಸ್ಥಾಪಿಸಿದನು. ಅಲ್ಲಿ ವೆಚ್ಚವನ್ನು ಹೊತ್ತವನು ರಾಜ. ಮೈಂಟ್ಸ್ ನಗರದ ಗುಟೆನ್‌ಬರ್ಗನಿಗಾದರೋ ಅಂತಹ ರಾಜನಿರಲಿಲ್ಲ, ಇದ್ದವನು ಸಾಹುಕಾರ.

ಗುಟೆನ್‌ಬರ್ಗನು ೧೪೦೦ರ ಸುಮಾರಿಗೆ ಜರ್ಮನಿಯ ಮೈಂಟ್ಸಿನಲ್ಲಿ ಒಂದು ಕುಲೀನ ಮನೆತನದಲ್ಲಿ ಹುಟ್ಟಿದವನು. ೧೪೩೦ರ ದಶಕದಲ್ಲಿ ಸ್ಟ್ರಾಸ್‌ಬರ್ಗಿನಲ್ಲಿದ್ದನು. ಅಲ್ಲಿ ಕೆಲವರು ಪಾಲುಗಾರರನ್ನು ಕೂಡಿಕೊಂಡು, ಆಖೆನ್ ಕ್ಷೇತ್ರದ ಯಾತ್ರಿಕರಿಗೆ ಮಾರಲು ಲೋಹದ ಪುಟ್ಟ ಕನ್ನಡಿಗಳನ್ನು ಮಾಡಿಸತೊಡಗಿದನು. ಯಾತ್ರೆ ಒಂದು ವರ್ಷ ಮುಂದಕ್ಕೆ ಹೋಯಿತು. ಹಾಕಿದ ಹಣ ಸಿಕ್ಕಿಕೊಂಡಿತು. ಪಾಲುಗಾರನೊಬ್ಬನು ತೀರಿಕೊಂಡಾಗ ಅವನ ಸೋದರರು ೧೪೩೯ರಲ್ಲಿ ದಾವೆ ಹೂಡಿದರು. ಆ ದಾವೆಯ ಸಾಕ್ಷ್ಯಗಳಲ್ಲಿ ಒಂದು ಒತ್ತುಯಂತ್ರದ ಮಾತು, ಸೀಸದ ಮಾತು ಬರುತ್ತವೆ. ಅಚ್ಚಿನ ಕೆಲಸಕ್ಕೆ ಸಂಬಂಧಪಟ್ಟ ವಸ್ತುಗಳಿಂದಲೇ ಸುಮಾರು ನೂರು ಗುಲ್ಡನ್ ಸಂಪಾದಿಸಿದೆನೆಂದು ಒಬ್ಬ ಅಕ್ಕಸಾಲಿಗನು ಹೇಳುತ್ತಾನೆ. ಗುಲ್ಡನ್ ಎಂದರೆ ಆ ನಾಡಿನ ಚಿನ್ನದ ನಾಣ್ಯ. ಗುಟ್ಟಾಗಿ ಏನೋ ನಡೆಯುತ್ತಿತ್ತೆಂಬುದಕ್ಕೆ ನಮಗಿರುವ ಮೊದಲ ಸುಳಿವು ಹೀಗೆ ಒಂದು ವ್ಯಾಜ್ಯದಿಂದಲೇ ದೊರೆತಿದೆ.

ಆ ಗುಟ್ಟು ಯಾವುದು? ಕಾಗದ ಯೂರೋಪಿಗೆ ಮೊದಲೇ ಬಂದಿತ್ತು. ದ್ರಾಕ್ಷಿಯನ್ನು ಹಿಂಡುವ ತಿರುಪಿನ ಯಂತ್ರ ರೈನ್ ನದಿಯ ದಡದಲ್ಲೆಲ್ಲ ಇತ್ತು. ನಾಣ್ಯಕ್ಕೆ ಮುದ್ರೆ ಹೊಡೆಯುವ ಉಕ್ಕಿನ ಅಚ್ಚು ಟಂಕಸಾಲೆಯವರಿಗೆ ತಿಳಿದಿತ್ತು. ಆದರೆ ಸಾವಿರಾರು ಮೊಳೆಗಳನ್ನು ಎತ್ತರದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಬೇಗಬೇಗನೆ ಎರಕಹೊಯ್ಯುವ ಉಪಾಯ ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಒಂದು ಮೊಳೆ ತಗ್ಗಾದರೆ ಅದರ ಅಕ್ಷರ ಮೂಡದು. ಎತ್ತರವಾದರೆ ಕಾಗದ ಹರಿಯುವುದು. ಮುಂದಿನ ನಾಲ್ಕು ಶತಮಾನ ಮುದ್ರಕರೆಲ್ಲ ಅನುಸರಿಸಿದ ಕ್ರಮ ಇದು: ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುಗುಮುರುಗಾಗಿ ಕೆತ್ತಿ, ಅದನ್ನು ತಾಮ್ರದ ತುಂಡಿಗೆ ಹೊಡೆದು ಗುಳಿ ಮೂಡಿಸಿ, ಆ ತಾಮ್ರವನ್ನು ಅಂಗೈಯಲ್ಲಿ ಹಿಡಿಯುವಂತಹ ಎರಕದ ಪೆಟ್ಟಿಗೆಯ ತಳದಲ್ಲಿ ಕೂರಿಸಿ, ಸೀಸ, ತವರ, ಆಂಟಿಮನಿ ಬೆರೆಸಿದ ಕರಗಿದ ಲೋಹವನ್ನು ಹೊಯ್ಯುವುದು. ಪೆಟ್ಟಿಗೆಯ ಅಗಲವನ್ನು ಅಕ್ಷರಕ್ಕೆ ತಕ್ಕಂತೆ ಹಿಗ್ಗಿಸಿ ಕುಗ್ಗಿಸಬಹುದು. ಎತ್ತರ ಮಾತ್ರ ಬದಲಾಗದು. ಇದೆಲ್ಲವೂ ಮೊದಲ ದಿನದಿಂದಲೇ ಗುಟೆನ್‌ಬರ್ಗನ ಕೈಯಲ್ಲಿ ಪೂರ್ಣಸಿದ್ಧವಾಗಿತ್ತೆಂದು ಬಹುಕಾಲ ನಂಬಿದ್ದರು. ಆದರೆ ೨೦೦೧ರಲ್ಲಿ ಪ್ರಿನ್ಸ್‌ಟನ್ನಿನ ಇಬ್ಬರು ವಿದ್ವಾಂಸರು ಆ ಮೊದಲ ಮುದ್ರಣಗಳ ಅಕ್ಷರಗಳನ್ನು ಗಣಕಯಂತ್ರದಿಂದ ಅಳೆದು ನೋಡಿ, ಒಂದೇ ಅಕ್ಷರದ ಮೊಳೆಗಳು ತಮ್ಮತಮ್ಮೊಳಗೆ ಹೋಲದಿರುವುದನ್ನು ಕಂಡು, ಮರಳಿನಂತಹ ಬಾಳಿಕೆಯಿಲ್ಲದ ಅಚ್ಚಿನಿಂದ ಅವನ್ನು ಎರೆದಿರಬಹುದೆಂದು ಸೂಚಿಸಿದರು. ಹಾಗಿದ್ದಲ್ಲಿ ಆತನ ಶ್ರಮ ನಾವು ಎಣಿಸಿದುದಕ್ಕಿಂತಲೂ ಹೆಚ್ಚಿನದು.

ಮಸಿಯೂ ಹೊಸದಾಗಬೇಕಾಯಿತು. ಲಿಪಿಕಾರರ ನೀರು ಮಸಿ ಲೋಹದ ಮೇಲೆ ನಿಲ್ಲದೆ ಹನಿಗೂಡುವುದು. ಎಣ್ಣೆಯಲ್ಲಿ ಕಲಸಿದ ಅಂಟುಮಸಿಯೇ ಬೇಕು. ಇನ್ನು ಮೊಳೆಗಳ ಸಂಖ್ಯೆ. ಲ್ಯಾಟಿನ್ ವರ್ಣಮಾಲೆ ಚಿಕ್ಕದಾದರೂ, ಲಿಪಿಕಾರರ ಕೂಡಕ್ಷರಗಳನ್ನೂ ಸಂಕ್ಷೇಪಗಳನ್ನೂ ಬಿಡದೆ ಅನುಕರಿಸಬೇಕೆಂಬ ಹಟದಿಂದ ಗುಟೆನ್‌ಬರ್ಗನು ಸುಮಾರು ೨೯೦ ಬಗೆಯ ಮೊಳೆಗಳನ್ನು ಮಾಡಿಸಿದನು. ಒತ್ತಕ್ಷರಗಳ ನಮ್ಮ ಕನ್ನಡವನ್ನು ಮೊಳೆಯಲ್ಲಿ ಜೋಡಿಸಿದವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಕ್ಕೂ ಹಣವೆಲ್ಲಿಂದ? ಕೈಬರಹದ ಪ್ರತಿಯನ್ನು ಮಾಡುವವನು ಒಂದು ಪ್ರತಿ ಬರೆದು ಮಾರಿ ಅದರ ಹಣದಿಂದ ಉಣ್ಣಬಹುದು. ಮುದ್ರಕನ ಸ್ಥಿತಿ ಬೇರೆ. ಮೊದಲ ಪುಸ್ತಕ ಮಾರಾಟವಾಗುವುದಕ್ಕೆ ಮೊದಲೇ ಮೊಳೆ, ಯಂತ್ರ, ಕಾಗದ, ಕೂಲಿ ಎಲ್ಲಕ್ಕೂ ತೆತ್ತಿರಬೇಕು. ಮೈಂಟ್ಸಿಗೆ ಹಿಂದಿರುಗಿದ ಗುಟೆನ್‌ಬರ್ಗನು ೧೪೫೦ರಲ್ಲಿ ಯೋಹಾನ್ ಫುಸ್ಟ್ ಎಂಬ ಧನಿಕನಿಂದ ೮೦೦ ಗುಲ್ಡನ್ ಸಾಲ ಪಡೆದನು. ಮಾಡಿಸುವ ಉಪಕರಣಗಳೇ ಅದಕ್ಕೆ ಒತ್ತೆ. ಎರಡು ವರ್ಷಗಳ ತರುವಾಯ ಫುಸ್ಟನು ಮತ್ತೆ ೮೦೦ ಗುಲ್ಡನ್ನುಗಳನ್ನು ‘ಪುಸ್ತಕಗಳ ಕೆಲಸ’ಕ್ಕೆಂದು ಪಾಲಿನ ರೂಪದಲ್ಲಿ ಹಾಕಿದನು. ಆ ಕೆಲಸವೇ ಲ್ಯಾಟಿನ್ ಬೈಬಲ್ಲು: ಪುಟಕ್ಕೆ ಎರಡು ಅಂಕಣ, ಬಹುತೇಕ ಪುಟಗಳಲ್ಲಿ ಅಂಕಣಕ್ಕೆ ೪೨ ಸಾಲು, ಒಟ್ಟು ಸುಮಾರು ೧೨೮೦ ಪುಟ. ಕೆಲವು ಪ್ರತಿಗಳನ್ನು ಹದಮಾಡಿದ ಚರ್ಮದ ಮೇಲೆ ಮುದ್ರಿಸಿದರು; ಅಂತಹ ಒಂದೊಂದು ಪ್ರತಿಗೂ ಸುಮಾರು ೧೭೦ ಕರುಗಳ ಚರ್ಮ ಬೇಕಾಗಿತ್ತೆಂದು ಲೆಕ್ಕಹಾಕಿದ್ದಾರೆ.

ಮುಂದೆ ಎರಡನೆಯ ಪಯಸ್ ಎಂಬ ಹೆಸರಿನಿಂದ ಪೋಪನಾದ ಈನಿಯಾ ಸಿಲ್ವಿಯೋ ಪಿಕ್ಕೊಲೊಮಿನಿಯು ೧೪೫೪ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಈ ಬೈಬಲ್ಲಿನ ಕೆಲವು ಹಾಳೆಗಳನ್ನು ನೋಡಿದನು. ಮರುವರ್ಷದ ಮಾರ್ಚಿಯಲ್ಲಿ ರೋಮಿನ ಮಿತ್ರನಿಗೆ ಬರೆದ ಕಾಗದದಲ್ಲಿ, ಅಕ್ಷರಗಳು ಕನ್ನಡಕವಿಲ್ಲದೆ ಓದುವಷ್ಟು ಸ್ವಚ್ಛವಾಗಿವೆಯೆಂದೂ, ಪ್ರತಿಗಳು ೧೫೮ ಎಂದು ಕೆಲವರು ೧೮೦ ಎಂದು ಕೆಲವರು ಹೇಳುವರೆಂದೂ, ಮುಗಿಯುವ ಮುನ್ನವೇ ಎಲ್ಲಕ್ಕೂ ಕೊಳ್ಳುವವರು ಸಿದ್ಧರಿದ್ದಾರೆಂದೂ ತಿಳಿಸಿದನು. ಕೇಳುವವರು ಆ ಘಳಿಗೆಯನ್ನು ಊಹಿಸಿಕೊಳ್ಳಬೇಕು. ಇಪ್ಪತ್ತು ವರ್ಷಗಳ ಸಾಧನೆ ಫಲಕ್ಕೆ ಬಂದಿದೆ; ಗಿರಾಕಿಗಳು ಬಾಗಿಲಲ್ಲಿದ್ದಾರೆ. ಆ ವರ್ಷವೇ ಫುಸ್ಟನು ಅಸಲು, ಬಡ್ಡಿ ಸೇರಿಸಿ ೨೦೦೦ ಗುಲ್ಡನ್ನಿಗೂ ಮೇಲ್ಪಟ್ಟ ಮೊತ್ತಕ್ಕೆ ದಾವೆ ಹೂಡಿದನು.

೧೪೫೫ನೆಯ ನವೆಂಬರ್ ೬ರಂದು ಮೈಂಟ್ಸಿನ ಫ್ರಾನ್ಸಿಸ್ಕನ್ ಸಂನ್ಯಾಸಿಗಳ ಮಠದ ಭೋಜನಶಾಲೆಯಲ್ಲಿ ಫುಸ್ಟನು ಪ್ರಮಾಣಮಾಡಿ ಹೇಳಿಕೆ ಕೊಟ್ಟನು. ಗುಟೆನ್‌ಬರ್ಗನು ತಾನು ಬರಲಿಲ್ಲ. ತನ್ನ ಕಡೆಯವರನ್ನು ಕಳುಹಿಸಿದನು. ಫುಸ್ಟನ ಕಡೆ ನಿಂತಿದ್ದವರಲ್ಲಿ ಪೀಟರ್ ಷೋಫರ್ ಎಂಬ ನಿಪುಣ ಲಿಪಿಕಾರನಿದ್ದನು. ಮುಂದೆ ಅವನು ಫುಸ್ಟನ ಅಳಿಯನಾದನು. ೧೪೫೭ರ ಆಗಸ್ಟಿನಲ್ಲಿ ಹೊರಬಂದ ಕೀರ್ತನೆಗಳ ಗ್ರಂಥದ ಕೊನೆಯಲ್ಲಿ, ಯೂರೋಪಿನ ಪುಸ್ತಕಗಳಲ್ಲಿಯೇ ಮೊದಲ ಬಾರಿಗೆ, ಮುದ್ರಕರ ಹೆಸರೂ ದಿನಾಂಕವೂ ಅಚ್ಚಾಗಿವೆ. ಹೆಸರುಗಳು ಫುಸ್ಟ್ ಮತ್ತು ಷೋಫರ್.

ಫುಸ್ಟನನ್ನು ದುಷ್ಟ ಸಾಹುಕಾರನೆಂದು ಚಿತ್ರಿಸುವುದು ಸುಲಭ, ಹಲವರು ಚಿತ್ರಿಸಿದ್ದಾರೆ. ನನಗೆ ಅದು ನ್ಯಾಯವೆಂದು ತೋರುವುದಿಲ್ಲ. ಕೊಟ್ಟ ಹಣವನ್ನು ತಾನೂ ಬಡ್ಡಿಗೆ ತಂದೆನೆಂದು ಅವನು ಪ್ರಮಾಣಮಾಡಿದ್ದಾನೆ. ಫಲ ಬರಲು ವರ್ಷಗಳೇ ಹಿಡಿಯುವ ಸಾಹಸಕ್ಕೆ ಹಣ ಸುರಿಯುವ ಧೈರ್ಯ ಎಲ್ಲರಿಗೂ ಇರುವುದಲ್ಲ. ಆದರೆ ಫಲ ಮಾಗಿದಾಗಲೇ ಮರವನ್ನು ಜಪ್ತಿಮಾಡಿದನೆಂಬುದೂ ಸುಳ್ಳಲ್ಲ.

ಆ ಕಲೆ ಮೈಂಟ್ಸಿನಲ್ಲಿ ಹೆಚ್ಚುಕಾಲ ಗುಟ್ಟಾಗಿ ಉಳಿಯಲಿಲ್ಲ. ೧೪೬೨ರಲ್ಲಿ ಆರ್ಚ್‌ಬಿಷಪ್ ಪದವಿಗಾಗಿ ನಡೆದ ಕಲಹದಲ್ಲಿ ನಸ್ಸಾವಿನ ಅಡಾಲ್ಫನು ನಗರವನ್ನು ಸೂರೆಮಾಡಿದಾಗ ಕುಶಲಕರ್ಮಿಗಳು ಚೆದರಿಹೋದರು. ೧೪೬೫ರಲ್ಲಿ ಇಟಲಿಯ ಸುಬಿಯಾಕೋ, ೧೪೬೯ರಲ್ಲಿ ವೆನಿಸ್, ೧೪೭೦ರಲ್ಲಿ ಪ್ಯಾರಿಸ್, ೧೪೭೬ರಲ್ಲಿ ಕ್ಯಾಕ್ಸ್‌ಟನ್ನನ ವೆಸ್ಟ್‌ಮಿನ್‌ಸ್ಟರ್. ಸಾಲದ ಶನಿಯೂ ಜೊತೆಯಲ್ಲಿಯೇ ಹೋಯಿತು. ಸುಬಿಯಾಕೋದಿಂದ ರೋಮಿಗೆ ಬಂದ ಸ್ವೈನ್‌ಹೈಮ್, ಪನ್ನಾರ್ಟ್ಸ್ ಎಂಬ ಇಬ್ಬರ ಪರವಾಗಿ ೧೪೭೨ರಲ್ಲಿ ಪೋಪನಿಗೆ ಸಲ್ಲಿಸಿದ ಅರಿಕೆಯಲ್ಲಿ, ಮನೆ ತುಂಬ ಮಾರಾಟವಾಗದ ಹಾಳೆಗಳಿವೆ, ತಿನ್ನಲು ಏನೂ ಇಲ್ಲ ಎಂಬ ಅರ್ಥದ ಮಾತಿದೆ. ೧೫೫೬ರಲ್ಲಿ ಮುದ್ರಣಯಂತ್ರ ಗೋವೆಯಲ್ಲಿ ಇಳಿಯಿತು. ನಮಗೆ ಇಷ್ಟು ಸಮೀಪಕ್ಕೆ ಬಂದರೂ ವಿಲಿಯಂ ಕೇರಿಯ ಕನ್ನಡ ವ್ಯಾಕರಣ ಅಚ್ಚಾದುದು ೧೮೧೭ರಲ್ಲಿ, ಅದೂ ದೂರದ ಬಂಗಾಳದ ಶ್ರೀರಾಂಪುರದಲ್ಲಿ.

ಗುಟೆನ್‌ಬರ್ಗನಿಗೆ ಮುಪ್ಪಿನಲ್ಲಿ ಅಷ್ಟಿಷ್ಟು ಆಶ್ರಯ ದೊರೆಯಿತು. ನಗರವನ್ನು ಸೂರೆಮಾಡಿದ ಅಡಾಲ್ಫನೇ ೧೪೬೫ರಲ್ಲಿ ಆತನನ್ನು ತನ್ನ ಆಸ್ಥಾನಿಕನನ್ನಾಗಿ ಮಾಡಿಕೊಂಡು, ವರ್ಷಕ್ಕೊಂದು ಉಡುಪು, ಇಷ್ಟು ಧಾನ್ಯ, ಇಷ್ಟು ದ್ರಾಕ್ಷಾರಸ ಎಂದು ಗೊತ್ತುಮಾಡಿದನು. ೧೪೬೮ನೆಯ ಫೆಬ್ರವರಿ ೩ರಂದು ಆತನು ಕಾಲವಾದನು. ಅದೇ ತಿಂಗಳು ೨೬ರಂದು ಕೊನ್ರಾಡ್ ಹುಮೆರಿ ಎಂಬ ವಿದ್ವಾಂಸನು ಆರ್ಚ್‌ಬಿಷಪ್ಪನಿಗೆ ಒಂದು ಪತ್ರ ಬರೆದುಕೊಟ್ಟನು. ಗುಟೆನ್‌ಬರ್ಗನು ಬಿಟ್ಟುಹೋದ ಮೊಳೆಗಳೂ ಉಪಕರಣಗಳೂ ತನಗೆ ಸೇರಿದವೆಂದೂ, ಅವು ತನ್ನ ಕೈಸೇರಿದುವೆಂದೂ, ಅವುಗಳಿಂದ ಅಚ್ಚುಹಾಕಿದರೆ ಮೈಂಟ್ಸಿನಲ್ಲಿಯೇ ಹಾಕುವೆನೆಂದೂ, ಮಾರುವುದಾದರೆ ಅದೇ ಬೆಲೆ ಕೊಡುವ ಮೈಂಟ್ಸಿನವನಿಗೇ ಮೊದಲು ಮಾರುವೆನೆಂದೂ ಅದರಲ್ಲಿ ಬರೆದಿದೆ.