ಚಾಪರ್ ಸೈಕಲ್ಲಿನ ಚರಿತ್ರೆ: ಕತ್ತರಿಸುವ ಮುನ್ನ ಒಂದಿಷ್ಟು ವಿಚಾರ

ಚಾಪರ್ ಎಂದೊಡನೆ ನಮ್ಮಲ್ಲಿ ಅನೇಕರಿಗೆ ಹೆಲಿಕಾಪ್ಟರ್ ನೆನಪಾಗುತ್ತದೆ. ನಾನಿಲ್ಲಿ ಬರೆಯಹೊರಟಿರುವುದು ನೆಲದ ಮೇಲೆ ಓಡುವ ಚಾಪರ್ ಸೈಕಲ್ಲನ್ನು ಕುರಿತು. ಸವಾರನ ಎದೆಮಟ್ಟಕ್ಕೆ ಏರಿದ ಹ್ಯಾಂಡಲ್, ಬಾಳೆಹಣ್ಣಿನಂತೆ ಉದ್ದಕ್ಕೆ ಬಾಗಿದ ಸೀಟು, ಹಿಂದೆ ದಪ್ಪ ಟೈರು, ಕೆಲವು ಮಾದರಿಗಳಲ್ಲಿ ಮುಂದೆ ಇನ್ನೂ ಚಿಕ್ಕದಾದ ಗಾಲಿ: ಇದು ಅದರ ರೂಪ. ನೋಡುವವರಿಗೆ ಆಟಿಕೆಯಂತೆ ಕಾಣುವ ಈ ವಾಹನದ ಹಿಂದೆ ಒಂದು ದೊಡ್ಡ ಪ್ರಶ್ನೆಯಿದೆ. ವಸ್ತುವೊಂದನ್ನು ನಿಜವಾಗಿ ನಿರ್ಮಿಸಿದವರು ಯಾರು, ಹೆಸರು ಪಡೆದವರು ಯಾರು ಎಂಬುದೇ ಆ ಪ್ರಶ್ನೆ.

ಇಂಗ್ಲಿಷಿನ 'ಚಾಪ್' ಎಂದರೆ ಕಡಿ, ಕತ್ತರಿಸು. ಎರಡನೆಯ ಮಹಾಯುದ್ಧ ಮುಗಿದು 1945ರ ನಂತರ ಊರಿಗೆ ಮರಳಿದ ಅಮೆರಿಕದ ಸೈನಿಕರಲ್ಲಿ ಹಲವರು ತಮ್ಮ ಭಾರವಾದ ಮೋಟಾರ್ ಸೈಕಲ್ಲುಗಳ ಮಡ್‌ಗಾರ್ಡು ಮೊದಲಾದ ಹೆಚ್ಚುವರಿ ಭಾಗಗಳನ್ನು ಕಳಚಿ, ಕತ್ತರಿಸಿ, ಹಗುರ ಮಾಡಿಕೊಂಡರು. ಕ್ರಮೇಣ ಫ್ರೇಮನ್ನೇ ಕತ್ತರಿಸಿ ಬೆಸೆಯುವುದೂ ಮುಂದಿನ ಫೋರ್ಕನ್ನು ಉದ್ದಮಾಡುವುದೂ ರೂಢಿಗೆ ಬಂದು, ಇಂತಹ ಗಾಡಿಗಳಿಗೆ ಚಾಪರ್ ಎಂಬ ಹೆಸರು ನಿಂತಿತು. 1969ರ 'ಈಸಿ ರೈಡರ್' ಚಲನಚಿತ್ರ ಅವನ್ನು ಜಗತ್ಪ್ರಸಿದ್ಧಗೊಳಿಸಿತು. ಆ ಚಿತ್ರದ ಗಾಡಿಗಳನ್ನು ರೂಪಿಸಿದವರು ಕ್ಲಿಫರ್ಡ್ ವಾಸ್ ಮತ್ತು ಬೆನ್ ಹಾರ್ಡಿ ಎಂಬ ಇಬ್ಬರು ಆಫ್ರಿಕನ್-ಅಮೆರಿಕನ್ನರು. ತೆರೆಯ ಮೇಲೆ ಅವರ ಹೆಸರು ಬರಲಿಲ್ಲ. ಅದು ಜನರಿಗೆ ತಿಳಿಯಲು ದಶಕಗಳೇ ಬೇಕಾದವು.

ಸೈಕಲ್ಲಿನ ಕಥೆಯೂ ಇಂಥದ್ದೇ. 1960ರ ದಶಕದ ಆರಂಭದಲ್ಲಿ ದಕ್ಷಿಣ ಕ್ಯಾಲಿಫೋರ್ನಿಯಾದ ಹುಡುಗರು, ದೊಡ್ಡವರ ಮೋಟಾರ್ ಸೈಕಲ್ಲುಗಳನ್ನು ಕಂಡು, ಮನೆಯ ಮೂಲೆಯಲ್ಲಿ ಬಿದ್ದಿದ್ದ 20 ಇಂಚಿನ ಚಿಕ್ಕ ಸೈಕಲ್ಲುಗಳಿಗೆ ಎತ್ತರದ ಹ್ಯಾಂಡಲ್ಲನ್ನೂ ಉದ್ದ ಸೀಟನ್ನೂ ತಾವೇ ಜೋಡಿಸಿಕೊಳ್ಳತೊಡಗಿದರು. ಈ ಸುದ್ದಿ ಶಿಕಾಗೋ ನಗರದ ಶ್ವಿನ್ ಕಂಪನಿಯಲ್ಲಿದ್ದ ಆಲ್ ಫ್ರಿಟ್ಜ್ ಎಂಬ ಅಧಿಕಾರಿಯ ಕಿವಿಗೆ ಬಿತ್ತು. ಆತ ಅದನ್ನು ಹುಡುಗಾಟವೆಂದು ತಳ್ಳಿಹಾಕದೆ, ತಾನೇ ಒಂದು ಮಾದರಿಯನ್ನು ಕಟ್ಟಿಸಿ ನೋಡಿದ. 1963ರಲ್ಲಿ 'ಸ್ಟಿಂಗ್-ರೇ' ಮಾರುಕಟ್ಟೆಗೆ ಬಂದಿತು. ಬೆಲೆ 49.95 ಡಾಲರು. ಮೊದಲ ವರ್ಷವೇ 40,000ಕ್ಕೂ ಹೆಚ್ಚು ಮಾರಾಟವಾದವು. ಅದೇ ವರ್ಷ ಹಫಿ ಕಂಪನಿಯೂ 'ಪೆಂಗ್ವಿನ್' ಎಂಬ ಇದೇ ಬಗೆಯ ಸೈಕಲ್ಲನ್ನು ಹೊರತಂದಿತ್ತು. 1968ರಲ್ಲಿ ಶ್ವಿನ್ 'ಕ್ರೇಟ್' ಮಾಲಿಕೆಯನ್ನು ತಂದಿತು. ಅದಕ್ಕೆ ಮುಂದೆ 16 ಇಂಚು, ಹಿಂದೆ 20 ಇಂಚಿನ ಗಾಲಿ, ಸ್ಪ್ರಿಂಗಿನ ಫೋರ್ಕು, ಕಾರಿನಲ್ಲಿರುವಂತೆ ಫ್ರೇಮಿನ ಮೇಲೆ ಗೇರಿನ ಕೋಲು.

ಫ್ರಿಟ್ಜನ ಹೆಸರು ಚರಿತ್ರೆಯಲ್ಲಿದೆ, ಅದು ನ್ಯಾಯವೇ. ಆದರೆ ಆತ ನೋಡಿ ಕಲಿತ ಆ ಹುಡುಗರ ಹೆಸರುಗಳು ಎಲ್ಲಿಯೂ ಇಲ್ಲ. ಈ ವಿಷಯದಲ್ಲಿ ಕಾರ್ಖಾನೆಯು ಗುರುವಲ್ಲ, ಶಿಷ್ಯ.

ಇಂಗ್ಲೆಂಡಿನಲ್ಲಿ ನಡೆದದ್ದು ಇದರ ಮುಂದಿನ ಅಧ್ಯಾಯ. ನಾಟಿಂಗ್‌ಹ್ಯಾಮ್‌ನ ರ‍್ಯಾಲೆ ಕಂಪನಿಯ ಹೆಸರು ನನ್ನ ವಯಸ್ಸಿನವರಿಗೆ ಚಿರಪರಿಚಿತ. ಬಂಗಾಳದ ಆಸನ್ಸೋಲ್‌ನಲ್ಲಿ ತಯಾರಾಗುತ್ತಿದ್ದ ಸೆನ್-ರ‍್ಯಾಲೆ ಸೈಕಲ್ಲುಗಳಿಂದಾಗಿ ಅದು ನಮಗೂ ಮನೆಮಾತಾಗಿತ್ತು. ಸ್ಟಿಂಗ್-ರೇಯ ಯಶಸ್ಸನ್ನು ಕಂಡ ರ‍್ಯಾಲೆ, 1969ರಲ್ಲಿ ಅಮೆರಿಕದ ಮಾರುಕಟ್ಟೆಗೂ 1970ರಲ್ಲಿ ಬ್ರಿಟನ್ನಿಗೂ ತನ್ನ 'ಚಾಪರ್' ಸೈಕಲ್ಲನ್ನು ಬಿಡುಗಡೆ ಮಾಡಿತು. ಅದರ ವಿನ್ಯಾಸಕಾರ ಯಾರೆಂಬ ಬಗ್ಗೆ ಕೊನೆಯವರೆಗೂ ವಿವಾದವಿತ್ತು. ಕಂಪನಿಯ ಮುಖ್ಯ ವಿನ್ಯಾಸಕ ಆಲನ್ ಓಕ್ಲಿ ತಾನೆಂದ. ಓಗಲ್ ವಿನ್ಯಾಸ ಸಂಸ್ಥೆಯ ಟಾಮ್ ಕ್ಯಾರನ್ ತಾನೆಂದ. ಇಬ್ಬರೂ ಇಂದು ಬದುಕಿಲ್ಲ. ಇಬ್ಬರು ಪಂಡಿತರು ಒಂದೇ ಕೃತಿಗೆ ಕರ್ತೃತ್ವ ಹೇಳಿಕೊಂಡಂತಾಯಿತು. ಮೂಲದಲ್ಲಿದ್ದ ಬಾಲಕರು ಮಾತ್ರ ಯಾವ ಹಕ್ಕನ್ನೂ ಕೇಳಲಿಲ್ಲ.

ಚಾಪರ್ ಸುಮಾರು 15 ಲಕ್ಷ ಮಾರಾಟವಾಯಿತು. ಆದರೆ ಅದರ ಸೊಬಗಿನಲ್ಲೇ ದೋಷವೂ ಇತ್ತು. ಉದ್ದ ಸೀಟು ಕಂಡೊಡನೆ ಮಕ್ಕಳು ಇಬ್ಬರು ಕುಳಿತುಕೊಳ್ಳುತ್ತಿದ್ದರು. ಭಾರವೆಲ್ಲ ಹಿಂದಕ್ಕೆ ಬಿದ್ದು ಮುಂಗಾಲಿ ಮೇಲೇಳುತ್ತಿತ್ತು. ಆದ್ದರಿಂದ 1972ರ ಎರಡನೆಯ ಮಾದರಿಯಲ್ಲಿ ಸೀಟನ್ನು ಚಿಕ್ಕದು ಮಾಡಿದರು. ಅಮೆರಿಕದಲ್ಲಿ 1970ರ ದಶಕದ ಮಧ್ಯಭಾಗದ ಸುರಕ್ಷತಾ ನಿಯಮಗಳು, ಬಿದ್ದರೆ ತೊಡೆಸಂದಿಗೆ ತಗಲಬಹುದಾದ ಗೇರಿನ ಕೋಲಿಗೆ ತೆರೆಯೆಳೆದವು. ಅಷ್ಟರಲ್ಲಿ ಕ್ಯಾಲಿಫೋರ್ನಿಯಾದ ಮಕ್ಕಳು ಅದೇ ಸ್ಟಿಂಗ್-ರೇಗಳನ್ನು ಮಣ್ಣಿನ ದಿಬ್ಬಗಳ ಮೇಲೆ ಓಡಿಸಿ, ಬಿಎಂಎಕ್ಸ್ ಎಂಬ ಹೊಸ ಆಟವನ್ನೇ ಹುಟ್ಟುಹಾಕಿದ್ದರು. ಮತ್ತೊಮ್ಮೆ ಮಕ್ಕಳೇ ಮುಂದು. ಕಾರ್ಖಾನೆಗಳು ಅವರ ಹಿಂದೆ.

ಇಷ್ಟೆಲ್ಲ ಓದುವ ಪ್ರಸಂಗ ನನಗೆ ಒದಗಿದ್ದು ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಂದ. ಬಹುಕಾಲದಿಂದ ಕ್ಯಾಲಿಫೋರ್ನಿಯಾದಲ್ಲಿ ನೆಲೆಸಿರುವ ಆತ, ಹಳೆಯ ಹಾಗೂ ಹೊಸ ಬಿಡಿಭಾಗಗಳನ್ನು ಕೂಡಿಸಿ ತನ್ನದೇ ಒಂದು ಚಾಪರ್ ಕಟ್ಟತೊಡಗಿದ್ದ. ದೂರವಾಣಿಯಲ್ಲಿ ಆತ ವಿವರಿಸುತ್ತಿದ್ದ ತೊಡಕುಗಳು, ಚರಿತ್ರೆಯ ಮೇಷ್ಟ್ರಾದ ನನಗೆ ಶಾಸನ ಓದುವವರ ತೊಡಕುಗಳಂತೆಯೇ ಕೇಳಿಸುತ್ತಿದ್ದವು.

ಟೈರಿನ ಅಳತೆಯನ್ನೇ ನೋಡಿ. ಗಣಿತದಲ್ಲಿ 1.75 ಎಂದರೂ ಒಂದೂಮುಕ್ಕಾಲು ಎಂದರೂ ಒಂದೇ. ಸೈಕಲ್ಲಿನ ಲೋಕದಲ್ಲಿ ಹಾಗಲ್ಲ. '20 x 1.75' ಎಂದು ದಶಮಾಂಶದಲ್ಲಿ ಬರೆದ ಟೈರು ಕೂರುವ ರಿಮ್ಮಿನ ವ್ಯಾಸ 406 ಮಿ.ಮೀ. ಶ್ವಿನ್ ತನ್ನ ಕೆಲವು ಗಾಲಿಗಳಿಗೆ ಮಾಡಿದ '20 x 1¾' ಎಂಬ ಭಿನ್ನರಾಶಿಯ ಟೈರಿಗೆ 419 ಮಿ.ಮೀ. ಹದಿಮೂರು ಮಿಲಿಮೀಟರುಗಳ ಈ ಅಂತರದಿಂದಾಗಿ ಒಂದು ಇನ್ನೊಂದಕ್ಕೆ ಹೊಂದುವುದೇ ಇಲ್ಲ. ಪೆಡಲಿನ ಅಚ್ಚು ಕೂರುವ ಕಡೆಯಲ್ಲಿ ತಿರುಪಿನ ಸುತ್ತುಗಳೂ ಹೀಗೆಯೇ. ಇಂಗ್ಲಿಷ್ ಪದ್ಧತಿಯಲ್ಲಿ ಇಂಚಿಗೆ 24 ಸುತ್ತು; ರ‍್ಯಾಲೆ ತನ್ನ ನಾಟಿಂಗ್‌ಹ್ಯಾಮ್ ಸೈಕಲ್ಲುಗಳಿಗೆ 26 ಸುತ್ತು ಇಟ್ಟುಕೊಂಡಿತ್ತು. ಅಮೆರಿಕದ ಒಂದೇ ತುಂಡಿನ ಕ್ರ್ಯಾಂಕುಗಳಲ್ಲಿ ಇತರರದು 24, ಶ್ವಿನ್‌ನದು 28. ಬಲವಂತದಿಂದ ತಿರುಗಿಸಿದರೆ ಎರಡೂ ಹಾಳು.

ಆದರೆ ಕಾಲವನ್ನು ದಾಟಿ ಕೂಡುವ ಭಾಗಗಳೂ ಇವೆ. ಚೈನಿನ ಕೊಂಡಿಗಳ ಅಂತರ ಅರ್ಧ ಇಂಚು ಎಂಬುದು ತಲೆಮಾರುಗಳಿಂದ ಬದಲಾಗಿಲ್ಲ. ಅಗಲ ಸರಿಯಿದ್ದರೆ ಇಂದಿನ ಚೈನು ಅರವತ್ತು ವರ್ಷದ ಹಲ್ಲುಚಕ್ರಕ್ಕೆ ಕೂರುತ್ತದೆ. ಸ್ಟರ್ಮಿ-ಆರ್ಚರ್ ಕಂಪನಿಯ ಮೂರು ಗೇರಿನ ಹಬ್ ಇನ್ನೊಂದು ನಿದರ್ಶನ. 1936ರಲ್ಲಿ ಬಂದ ಅದರ ಎಡಬ್ಲ್ಯು ಮಾದರಿಯಲ್ಲಿ ಹಲ್ಲುಚಕ್ರ ಒಂದು ಸುತ್ತು ಸುತ್ತಿದರೆ ಗಾಲಿಯು ಗೇರಿಗೆ ತಕ್ಕಂತೆ ಮುಕ್ಕಾಲು, ಒಂದು, ಅಥವಾ ಒಂದೂ ಮೂರನೆಯ ಒಂದು ಸುತ್ತು ತಿರುಗುತ್ತದೆ. 2000ದಲ್ಲಿ ಆ ಕಂಪನಿ ಕುಸಿದಾಗ ತೈವಾನಿನ ಸನ್‌ರೇಸ್ ಅದನ್ನು ಕೊಂಡು, ತಯಾರಿಕೆಯನ್ನು ತನ್ನ ನಾಡಿಗೆ ಒಯ್ದಿತು. 2002ರ ಕೊನೆಗೆ ನಾಟಿಂಗ್‌ಹ್ಯಾಮ್‌ನಲ್ಲಿ ರ‍್ಯಾಲೆ ಸೈಕಲ್ಲಿನ ತಯಾರಿಕೆಯೂ ನಿಂತಿತು. ಊರು ಕಳೆದುಕೊಂಡ ವಿದ್ಯೆ ಬೇರೊಂದು ನೆಲದಲ್ಲಿ ಬದುಕಿತು. ನನ್ನ ಶಿಷ್ಯನ ಹಿಂಗಾಲಿಯಲ್ಲಿರುವುದು ತೈವಾನಿನಲ್ಲಿ ಮಾಡಿದ ಅಂತಹ ಒಂದು ಹೊಸ ಹಬ್.

ಆತನ ಫ್ರೇಮು ಶ್ವಿನ್‌ನದು. ಹಿಂಗಾಲಿಯ ಅಚ್ಚು ಕೂರುವಲ್ಲಿ, ಎಡಬದಿಗೆ, ಒತ್ತಿದ ಸಂಖ್ಯೆಯ ಮೊದಲಲ್ಲಿ 'ಡಿಬಿ' ಎಂಬ ಎರಡು ಅಕ್ಷರಗಳಿದ್ದವು. ಮೊದಲನೆಯದು ತಿಂಗಳು, ಎರಡನೆಯದು 1965ರಿಂದ ಎಣಿಸುವ ವರ್ಷ. ಅಂದರೆ 1966ರ ಏಪ್ರಿಲ್. ಮೂಲದ ಬಣ್ಣವೂ ಬಹುಪಾಲು ಉಳಿದಿತ್ತು. ಆತನಿಗೋ ಮುಂಭಾಗವನ್ನು ಕತ್ತರಿಸಿ, ಕೋನ ಬದಲಿಸಿ, ಮತ್ತೆ ಬೆಸೆಯುವ ಆಸೆ.

"ಸರ್, ಚಾಪರ್ ಎಂಬ ಪದದ ಅರ್ಥವೇ ಕತ್ತರಿಸುವುದಲ್ಲವೇ? ನಾನು ಕತ್ತರಿಸಿದರೆ ತಪ್ಪೇನು?" ಎಂದು ಕೇಳಿದ.

ಪ್ರಶ್ನೆ ಸುಲಭದ್ದಲ್ಲ. ಹಳೆಯದನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಪೂಜಿಸುವುದೊಂದೇ ಗೌರವ ಎಂಬ ವಾದ ನನ್ನದಲ್ಲ; ಓಡದ ಸೈಕಲ್ಲು ಅರ್ಧ ಸೈಕಲ್ಲು. ಆದರೆ ನಾನು ಆತನಿಗೆ ಹೇಳಿದ್ದು ಹೀಗೆ: "ನೋಡಪ್ಪ, 1962ರ ಆ ಹುಡುಗರು ಮೊದಲು ಮಾಡಿದ್ದು ಸ್ಪ್ಯಾನರಿನ ಕೆಲಸ. ಹ್ಯಾಂಡಲ್ ಬಿಚ್ಚಿದರು, ಹಾಕಿದರು. ಸೀಟು ಬಿಚ್ಚಿದರು, ಹಾಕಿದರು. ಬೇಡವೆಂದರೆ ಹಿಂದಿನ ಸ್ಥಿತಿಗೆ ತರಬಹುದಿತ್ತು. ಫೋರ್ಕನ್ನು ಕತ್ತರಿಸಿ ಇನ್ನೊಂದರ ಕಾಲುಗಳಿಗೆ ತುರುಕಿ ಉದ್ದಮಾಡುವ ಚಾಳಿ ಆಮೇಲಿನದು. ಅಂತಹ ಫೋರ್ಕು ಓಟದಲ್ಲೇ ಕಳಚಿಕೊಂಡರೆ ಹಲ್ಲು ಉದುರುತ್ತವೆ. ಫೋರ್ಕು ಉದ್ದವಾದಷ್ಟೂ ಫ್ರೇಮು ಹಿಂದಕ್ಕೆ ವಾಲುತ್ತದೆ, ನಿಧಾನವಾಗಿ ಹೋಗುವಾಗ ಮುಂಗಾಲಿ ತಾನೇ ಪಕ್ಕಕ್ಕೆ ಹೊರಳುತ್ತದೆ. ಅದನ್ನೂ ಲೆಕ್ಕಕ್ಕೆ ತೆಗೆದುಕೊ."

ಒಂದು ವಾರ ಆತ ಉತ್ತರಿಸಲಿಲ್ಲ. ಅನಂತರ ಫ್ರೇಮಿಗೆ ಗರಗಸ ತಾಗಿಸದಿರಲು ನಿಶ್ಚಯಿಸಿದ. ಅಳತೆಗೆ ಹೊಂದುವ, ತುಸುವೇ ಉದ್ದವಾದ ಹೊಸ ಸ್ಪ್ರಿಂಗ್ ಫೋರ್ಕನ್ನು ಕೊಂಡ. ಮುಂದೆಯೂ ಒಂದು ಬ್ರೇಕು ಹಾಕಿದ. ಜೋಡಣೆಯ ಬಿಲ್ಲೆಗಳನ್ನು ಬಳಸಿ ಹೊಸ ಕ್ರ್ಯಾಂಕನ್ನು ಕೂರಿಸಿದ. ತೆಗೆದ ಹಳೆಯ ಭಾಗಗಳಿಗೆ ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಚೀಟಿ ಬರೆದು ಪೆಟ್ಟಿಗೆಯಲ್ಲಿಟ್ಟ. ಆ ಚೀಟಿಯೇ ನನಗೆ ಎಲ್ಲಕ್ಕಿಂತ ಮೆಚ್ಚಿಗೆಯಾದದ್ದು. ಮುಂದೆ ಯಾರ ಕೈಗೆ ಆ ಸೈಕಲ್ಲು ಸೇರಿದರೂ, ಯಾವುದು 1966ರದು, ಯಾವುದು ಆಮೇಲಿನದು ಎಂಬುದು ತಿಳಿಯುತ್ತದೆ.

2023ರಲ್ಲಿ ರ‍್ಯಾಲೆ ತನ್ನ ಚಾಪರನ್ನು ಹಳೆಯ ರೂಪದಲ್ಲೇ ಮತ್ತೆ ತಂದಿತು. ಬ್ರಿಟನ್ನಿನಲ್ಲಿ ಬೆಲೆ 950 ಪೌಂಡು. ಬಾಲ್ಯವನ್ನು ಹಣಕೊಟ್ಟು ಕೊಳ್ಳಬಯಸುವವರಿಗೆ ಅದೊಂದು ದಾರಿ, ಅದರಲ್ಲಿ ತಪ್ಪಿಲ್ಲ. ಆದರೆ ಚಾಪರಿನ ನಿಜವಾದ ಪರಂಪರೆ ಅಂಗಡಿಯ ಗಾಜಿನ ಹಿಂದಿಲ್ಲ. ಇರುವುದನ್ನು ಕೈಗೆತ್ತಿಕೊಂಡು, ಅಳೆದು, ಅರಿತು, ಬೇಕಾದಂತೆ ಜೋಡಿಸಿಕೊಳ್ಳುವ ಆ ಅನಾಮಿಕ ಕೈಗಳಲ್ಲಿದೆ. ಅಂತಹ ಕೈಗಳು ತಮ್ಮ ಕೆಲಸದ ಜೊತೆಗೆ ಒಂದು ಚೀಟಿಯನ್ನೂ ಬರೆದಿಟ್ಟರೆ, ಮುಂದಿನ ಚರಿತ್ರಕಾರನು ಅವರ ಹೆಸರನ್ನು ಬಿಡದೆ ಬರೆದಾನು.