ಆಯಿ ಕೇಳಿದ ಪ್ರಶ್ನೆ

ಚೊಳಚಗುಡ್ಡದ ಬನಶಂಕರಿ ಗುಡಿಯ ಎದುರಿಗೆ ಹರಿದ್ರಾ ತೀರ್ಥವಿದೆ. ಮೂರು ದಿಕ್ಕಿಗೂ ಕಲ್ಲುಮಂಟಪಗಳ ಸಾಲು. ನಮಗೆಲ್ಲ ಅದು ಬರೀ ಹೊಂಡ. ಕೆರೆಗಳ ಮಾಲಿನ್ಯದ ಮೇಲೆ ಪಿಎಚ್‌.ಡಿ. ಮಾಡುತ್ತಿರುವ ನಾನು ಬನದ ಹುಣ್ಣಿಮೆಯ ಜಾತ್ರೆಗೆ ಆಯಿಯ ಜೊತೆ ಹೋಗಿದ್ದೆ. ಮೆಟ್ಟಿಲ ಮೇಲೆ ಕೂತು ಆಯಿ ಕೇಳಿದಳು: "ನಾವೂ ನೀರಾಗ ಮಿಂದೀವಿ, ಅರಿವಿ ಒಗದೀವಿ. ಆಗ ಕೆಡದ ನೀರ ಈಗ್ಯಾಕ ಕೆಡತೈತಿ?"

ಕೆಣಕುವ ಪ್ರಶ್ನೆ. ಐದು ಕಿಲೋಮೀಟರ್ ಆಚೆ, ಬಾದಾಮಿಯ ಅಗಸ್ತ್ಯ ತೀರ್ಥದ ಪಾವಟಿಗೆಗಳ ಮೇಲೆ ಇಂದಿಗೂ ಬಟ್ಟೆ ಒಗೆಯುವ ಸದ್ದು ಕೇಳುತ್ತದೆ. 543ರಲ್ಲಿ ಒಂದನೇ ಪುಲಕೇಶಿ ಕೋಟೆ ಕಟ್ಟಿಸಿದ್ದನ್ನು ಅಲ್ಲಿಯ ಬಂಡೆಶಾಸನ ಹೇಳುತ್ತದೆ. ನೀರಿನ ದಂಡೆಯಲ್ಲಿ ಬದುಕುವುದು ಈ ಸೀಮೆಗೆ ಹೊಸತಲ್ಲ. ಹಾಗಾದರೆ ಬದಲಾಗಿದ್ದೇನು?

ಆಯಿಯ ಕಾಲದಲ್ಲಿ ಒಗೆಯಲು ಸವಳು, ಅಂಟವಾಳ ಇದ್ದವು. ಎರಡನೇ ಮಹಾಯುದ್ಧದ ನಂತರ ಫಾಸ್ಫೇಟ್ ಬೆರೆಸಿದ ಡಿಟರ್ಜೆಂಟುಗಳು ಜಗತ್ತಿನ ಮನೆಗಳನ್ನು ಹೊಕ್ಕವು. ಕೆರೆಗಳು ಹಸಿರಾಗತೊಡಗಿದಾಗ ಕಾರಣ ಯಾವುದೆಂದು ವಾದವೆದ್ದಿತು. 1973ರಲ್ಲಿ ಕೆನಡಾದ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು ಒಂಟಾರಿಯೊದ ಒಂದು ಕೆರೆಯನ್ನು ಪರದೆ ಹಾಕಿ ಎರಡು ಪಾಲು ಮಾಡಿದರು. ಒಂದಕ್ಕೆ ಇಂಗಾಲ, ಸಾರಜನಕ. ಇನ್ನೊಂದಕ್ಕೆ ಅವೆರಡರ ಜೊತೆ ರಂಜಕ. ರಂಜಕ ಬಿದ್ದ ಪಾಲು ಮಾತ್ರ ಪಾಚಿಗಟ್ಟಿ ಹಸಿರಾಯಿತು. ಆ ಕೆರೆಯ ಚಿತ್ರ ಹಲವು ಕಡೆ ಫಾಸ್ಫೇಟ್ ನಿಯಂತ್ರಣಕ್ಕೆ ದಾರಿ ಮಾಡಿತು.

ಹಸಿರು ನೋಡಲು ಚೆಂದ, ಮೀನಿಗೆ ಉರುಲು. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ. ರಾತ್ರಿ ತಾನೇ ಎಳೆದುಕೊಳ್ಳುತ್ತದೆ. ಸತ್ತ ಪಾಚಿಯನ್ನು ಕೊಳೆಸುವ ಬ್ಯಾಕ್ಟೀರಿಯಾ ಉಳಿದದ್ದನ್ನೂ ಮುಗಿಸುತ್ತವೆ. ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿದರೆ ಬಹುತೇಕ ಮೀನುಗಳಿಗೆ ಉಸಿರಾಟವೇ ಕಷ್ಟ. ಬೆಳಗಿನ ಜಾವ ಅವು ಮೇಲೆ ಬಂದು ಬಾಯಿ ತೆರೆಯುವುದು ಅದಕ್ಕೇ. ಹರಿವ ಹೊಳೆ ಬಂದದ್ದನ್ನು ಮುಂದಕ್ಕೆ ಒಯ್ಯುತ್ತದೆ. ನಿಂತ ನೀರಿನಲ್ಲಿ ರಂಜಕ ತಳದ ಕೆಸರಿನಲ್ಲಿ ಕೂತು, ವರ್ಷಗಳ ನಂತರವೂ ಮತ್ತೆ ಮೇಲೇಳುತ್ತದೆ.

ಇಷ್ಟನ್ನು ಆಯಿಗೆ ಅವಳ ಮಾತಿನಲ್ಲೇ ಹೇಳಿದೆ: "ಕೈ ಅವ ಅದಾವ ಆಯಿ, ಕೈಯಾಗಿನ ಪುಡಿ ಬ್ಯಾರೆ ಆತು."

ಆಯಿ ಒಪ್ಪಲಿಲ್ಲ. "ಬರೇ ನಮ್ಮ ಪುಡಿ ಏನ? ಊರಿನ ಗಟಾರ ಎಲ್ಲಿಗಿ ಹೋಗತಾವ?"

ಸರಿಯಾದ ಮಾತು. ಬೆಂಗಳೂರಿನ ಬೆಳ್ಳಂದೂರು ಕೆರೆ ನೊರೆ ಉಕ್ಕಿ, 2017ರಲ್ಲಿ ಬೆಂಕಿಯನ್ನೂ ಹೊತ್ತು ಸುದ್ದಿಯಾಗಿದ್ದು ಮೆಟ್ಟಿಲ ಮೇಲೆ ಅರಿವಿ ಒಗೆದವರಿಂದಲ್ಲ. ಶುದ್ಧೀಕರಿಸದೆ ಬಿಟ್ಟ ಕೊಳಚೆ ವರ್ಷಗಟ್ಟಲೆ ಅದರ ಒಡಲು ಸೇರುತ್ತಿತ್ತು. ಬಟ್ಟೆ ಒಗೆಯುವ ಹೆಂಗಸು ಕಣ್ಣಿಗೆ ಬೀಳುತ್ತಾಳೆ. ನೆಲದಡಿಯ ಕೊಳವೆ ಬೀಳುವುದಿಲ್ಲ. ನನ್ನ ಪ್ರಬಂಧದ ಮೊದಲ ಕರಡಿನಲ್ಲಿ 'ಜನರ ಅಜ್ಞಾನ' ಎಂದು ಬರೆದಿದ್ದೆ. ಊರಿಂದ ಬಂದ ಮೇಲೆ ಆ ಎರಡು ಪದ ಹೊಡೆದುಹಾಕಿದೆ.