‘ಅಮೆಚೂರ್’ ಬಾಕ್ಸಿಗೆ ಟಿಕ್ ಹಾಕೋ ಮುಂಚೆ

(1/8)
ಕಳೆದ ವಾರ ಒಂದು ಹಾಫ್ ಮ್ಯಾರಥಾನ್‌ಗೆ ಫಾರ್ಮ್ ತುಂಬ್ತಾ ಇದ್ದೆ. ಹೆಸರು, ವಯಸ್ಸು, ಟಿ-ಶರ್ಟ್ ಸೈಜ್ ಎಲ್ಲ ಆದಮೇಲೆ ಎರಡು ಬಾಕ್ಸ್ ಬಂತು: ‘ಎಲೀಟ್’, ‘ಅಮೆಚೂರ್’. ನಾನು ಯೋಚನೆನೇ ಮಾಡದೆ ಎರಡನೇದಕ್ಕೆ ಟಿಕ್ ಹಾಕಿದೆ. ಪಕ್ಕದಲ್ಲಿ ಕೂತಿದ್ದ ಗೆಳತಿ ಮಾತ್ರ ಫೋನ್ ಕೆಳಗಿಟ್ಟು, “ನಾನು ಅಮೆಚೂರ್ ಕೂಡ ಅಲ್ಲ ಕಣೋ, ಸುಮ್ನೆ ಟೈಂಪಾಸ್‌ಗೆ ಓಡೋಳು. ನನಗ್ಯಾಕೆ ರೇಸು?” ಅಂದಳು.

ಆರು ತಿಂಗಳಿಂದ ವಾರಕ್ಕೆ ಮೂರು ದಿನ ಬೆಳಗ್ಗೆ ಐದಕ್ಕೆ ಎದ್ದು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತಿಳಿಯೋ ಹುಡುಗಿ ಆಡಿದ ಮಾತು ಇದು!

ಆ ರಾತ್ರಿ ಈ ಪದದ ಹಿಂದೆ ಬಿದ್ದೆ. ಅಮೆಚೂರ್ ಫ್ರೆಂಚ್‌ನಿಂದ ಬಂದ ಪದ, ಅದರ ಬೇರು ಲ್ಯಾಟಿನ್‌ನಲ್ಲಿದೆ. ಅರ್ಥ, ‘ಪ್ರೀತಿಸುವವನು’. ನಾವು ಕನ್ನಡದಲ್ಲಿ ಹವ್ಯಾಸಿ ಅಂತೀವಿ. ಹವ್ಯಾಸಿ ನಾಟಕ ತಂಡ, ವೃತ್ತಿ ನಾಟಕ ಕಂಪನಿ ಅಂತ ಹೇಳೋದು ಕೇಳಿರ್ತೀರಲ್ಲ, ಆ ಥರ. ಕೇಳೋಕೆ ಎಷ್ಟು ಮುದ್ದಾದ ಪದ ಅಲ್ವಾ?

ಆದರೆ ಸುಮಾರು ನೂರು ವರ್ಷ ಇದೇ ಪದವನ್ನ ಬಾಗಿಲಿಗೆ ಅಗುಳಿ ಹಾಕೋಕೆ ಬಳಸಿದ್ರು. ಯಾರು ಓಡಬಹುದು, ಯಾರು ಓಡಬಾರದು ಅಂತ ತೀರ್ಮಾನ ಮಾಡ್ತಿದ್ದದ್ದು ಇದು. ಈ ಸಲದ ಸರಣಿ ಅದರ ಕಥೆ. ಕಥೆ ನಡೆಯೋದು ಬ್ರಿಟನ್‌ನಲ್ಲಿ, ಯಾಕಂದ್ರೆ ನಿಯಮ ಹುಟ್ಟಿದ್ದು ಅಲ್ಲಿ. ಪೂರ್ತಿ ಓದಿ, ಸೇವ್ ಮಾಡ್ಕೊಳ್ಳಿ.

(2/8)
1860ರ ದಶಕದ ಲಂಡನ್. ಯೂನಿವರ್ಸಿಟಿಯಲ್ಲಿ ಓದಿದ ಶ್ರೀಮಂತರ ಮಕ್ಕಳು ಅಮೆಚೂರ್ ಅಥ್ಲೆಟಿಕ್ ಕ್ಲಬ್ ಅಂತ ಒಂದು ಕ್ಲಬ್ ಮಾಡ್ಕೊಂಡ್ರು. ಅಮೆಚೂರ್ ಅಂದ್ರೆ ಯಾರು ಅಂತ ನಿಯಮ ಬರೆದರು. ಹಣಕ್ಕಾಗಿ ಓಡಿದವನು ಅಲ್ಲ ಅನ್ನೋದು ಸರಿ, ಅರ್ಥ ಆಗುತ್ತೆ. ಅದರ ಜೊತೆಗೆ ಇನ್ನೊಂದು ಮಾತೂ ಸೇರಿಸಿದ್ರು: ಮೆಕ್ಯಾನಿಕ್, ಕುಶಲಕರ್ಮಿ, ಕೂಲಿ ಕಾರ್ಮಿಕ ಇವರ್ಯಾರೂ ಅಮೆಚೂರ್ ಅಲ್ಲ!

ಅಂದ್ರೆ ನೀವು ಒಂದು ರೂಪಾಯಿ ಬಹುಮಾನನೂ ತಗೊಂಡಿಲ್ಲ, ಆದರೆ ಕೈಯಿಂದ ದುಡಿದು ತಿಂತೀರಿ. ಅಷ್ಟಕ್ಕೇ ನೀವು ಹೊರಗೆ. ನಮ್ಮಲ್ಲಿ ಯಾರು ಯಾವ ಪಂಕ್ತಿಯಲ್ಲಿ ಕೂತು ಊಟ ಮಾಡ್ಬೇಕು ಅಂತ ಹುಟ್ಟು ನೋಡಿ ಹೇಳ್ತಿದ್ದದ್ದು ನೆನಪಾಯ್ತು ನನಗೆ.

1880ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಅಮೆಚೂರ್ ಅಥ್ಲೆಟಿಕ್ ಅಸೋಸಿಯೇಷನ್ ಶುರುವಾದಾಗ ಈ ಕಾರ್ಮಿಕರ ನಿಷೇಧ ಹೋಯ್ತು. ಹಣದ ನಿಷೇಧ ಮಾತ್ರ ಉಳೀತು, ದಿನ ಹೋದ ಹಾಗೆ ಇನ್ನೂ ಬಿಗಿಯಾಯ್ತು. ಒಮ್ಮೆ ಬಹುಮಾನದ ದುಡ್ಡು ಮುಟ್ಟಿದ್ರೆ ಮುಗೀತು. ದುಡ್ಡಿನ ರೇಸಿನವರ ಜೊತೆ ಓಡಿದ್ರೂ ತೊಂದರೆ. ಇನ್ಯಾವುದೋ ಆಟದಲ್ಲಿ ಹಣ ತಗೊಂಡಿದ್ರೂ ಓಟದಲ್ಲಿ ಜಾಗ ಇಲ್ಲ.

ಮನೆಯಲ್ಲಿ ಆಸ್ತಿ ಇದ್ದವನಿಗೆ ಈ ನಿಯಮ ಪಾಲಿಸೋದು ಸುಲಭ. ಹತ್ತು ಶಿಲ್ಲಿಂಗ್ ಸಿಕ್ಕಿದ್ರೆ ವಾರದ ರೇಷನ್ ಆಗುತ್ತೆ ಅನ್ನೋನು ಏನ್ ಮಾಡ್ಬೇಕು?

(3/8)
ಈಗ ಬೆಟ್ಟದ ಕಡೆ ಬನ್ನಿ. ಸ್ಕಾಟ್ಲೆಂಡ್‌ನ ಬೆನ್ ನೆವಿಸ್, 1,345 ಮೀಟರ್, ಬ್ರಿಟನ್ನಿನ ಅತಿ ಎತ್ತರದ ಬೆಟ್ಟ. “ಅಷ್ಟೇನಾ, ನಮ್ಮ ಮುಳ್ಳಯ್ಯನಗಿರಿ ಅದಕ್ಕಿಂತ ಎತ್ತರ” ಅನ್ನಬೇಡಿ. ಇಲ್ಲಿ ಓಟ ಶುರುವಾಗೋದು ಸಮುದ್ರ ಮಟ್ಟದ ಹತ್ತಿರದಿಂದ. ಹತ್ತಿ ಮುಟ್ಟಿದ್ರೆ ಸಾಲದು, ಇಳಿದು ಊರಿಗೆ ವಾಪಸ್ ಬರ್ಬೇಕು.

1895ರಲ್ಲಿ ಮೊದಲ ಸಲ ಗಡಿಯಾರ ಹಿಡಿದು ಇದನ್ನ ಓಡಿದವರು ವಿಲಿಯಂ ಸ್ವಾನ್. ಕೆಲಸ? ಫೋರ್ಟ್ ವಿಲಿಯಂ ಊರಲ್ಲಿ ತಲೆಗೂದಲು ಕತ್ತರಿಸೋದು. ಹೋಗಿ ಬರೋಕೆ 2 ಗಂಟೆ 41 ನಿಮಿಷ. 1898ರಲ್ಲಿ ಮೊದಲ ರೇಸ್ ನಡೆದಾಗ ಗೆದ್ದ ಹ್ಯೂ ಕೆನಡಿ ಎಸ್ಟೇಟಿನ ಬೇಟೆ ಪ್ರಾಣಿಗಳನ್ನ ಕಾಯೋ ಕೆಲಸದವರು. ಆಗ ಬೆಟ್ಟದ ತುದಿಯಲ್ಲಿ ಹವಾಮಾನ ವೀಕ್ಷಣಾಲಯ ಒಂದಿತ್ತು. ಅದರ ದಾರಿ ಸರಿಮಾಡೋ ಕೆಲಸದಲ್ಲಿದ್ದ ಯೂವನ್ ಮೆಕೆಂಜಿ 1903ರಲ್ಲಿ 2 ಗಂಟೆ 10 ನಿಮಿಷಕ್ಕೆ ಓಡಿ ಮುಗಿಸಿದರು. ದಿನಾ ಆ ಕಲ್ಲುಗಳ ಮೇಲೆ ಓಡಾಡೋ ಮನುಷ್ಯ, ಇನ್ನೇನು ಟ್ರೇನಿಂಗ್ ಬೇಕು ಹೇಳಿ!

ದಕ್ಷಿಣಕ್ಕೆ, ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನಲ್ಲಿ ಬೆಟ್ಟಕ್ಕೆ ‘ಫೆಲ್’ ಅಂತಾರೆ. ಅಲ್ಲಿನ ಗ್ರಾಸ್‌ಮಿಯರ್ ಊರಿನ ವರ್ಷದ ಆಟೋಟದಲ್ಲಿ 1868ರಿಂದ ಬೆಟ್ಟದ ಓಟ ಇದೆ. ನಮ್ಮ ಜಾತ್ರೆ ಕುಸ್ತಿ ಥರ ಅಂದ್ಕೊಳ್ಳಿ. ಕುರಿ ಸಾಕೋರು, ಗಣಿ ಕೆಲಸದೋರು, ಪ್ರವಾಸಿಗಳಿಗೆ ದಾರಿ ತೋರಿಸೋರು ಓಡ್ತಾರೆ, ಊರಿಗೆ ಊರೇ ನಿಂತು ನೋಡುತ್ತೆ. ಗೆದ್ದವರಿಗೆ ಒಂದಿಷ್ಟು ದುಡ್ಡು. ಆ ಒಂದಿಷ್ಟು ದುಡ್ಡಿನಿಂದ ಅವರೆಲ್ಲ ದಾಖಲೆಯಲ್ಲಿ ‘ಪ್ರೊಫೆಷನಲ್’ ಆಗಿಬಿಟ್ರು. ಸೋಮವಾರ ಬೆಳಗ್ಗೆ ಅದೇ ಕುರಿ, ಅದೇ ಹಟ್ಟಿ. ಅಮೆಚೂರ್ ರೇಸುಗಳ ಬಾಗಿಲು ಮಾತ್ರ ಬಂದ್.

(4/8)
ಈ ನಿಯಮ ಒಬ್ಬ ಮನುಷ್ಯನಿಗೆ ಏನು ಮಾಡಿತು ಅಂತ ತಿಳ್ಕೊಳ್ಳೋಕೆ ಜಾನ್ ಟಾರಂಟ್ ಕಥೆ ಸಾಕು.

1932ರಲ್ಲಿ ಹುಟ್ಟಿದವನು. ಯುದ್ಧದ ಕಾಲದಲ್ಲಿ ತಮ್ಮ ವಿಕ್ಟರ್ ಜೊತೆ ಮಕ್ಕಳ ಆಶ್ರಮದಲ್ಲಿ ಬೆಳೆದ. ಅಷ್ಟರಲ್ಲೇ ತಾಯಿ ತೀರಿಕೊಂಡರು. ಆಮೇಲೆ ಬಕ್ಸ್‌ಟನ್ ಅನ್ನೋ ಗುಡ್ಡದ ಊರಿಗೆ ಬಂದ. ನಮ್ಮ ವಯಸ್ಸಿನಲ್ಲಿ, ಹದಿನೆಂಟರ ಆಸುಪಾಸಿನಲ್ಲಿ, ಊರಿನ ಹಾಲ್‌ಗಳಲ್ಲಿ ಎಂಟು ಬಾಕ್ಸಿಂಗ್ ಪಂದ್ಯ ಆಡಿದ. ಎಂಟಕ್ಕೂ ಸೇರಿ ಸಿಕ್ಕಿದ್ದು 17 ಪೌಂಡ್.

ಬಾಕ್ಸಿಂಗ್ ಬಿಟ್ಟ. ಓಟದ ಹುಚ್ಚು ಹಿಡೀತು. ಕೆಲಸ ಮುಗಿಸಿ ಗುಡ್ಡದ ರಸ್ತೆಗಳಲ್ಲಿ ಮೈಲಿಗಟ್ಟಲೆ ಓಡ್ತಿದ್ದ. ಮ್ಯಾರಥಾನ್ ಓಡ್ಬೇಕು, ಒಂದು ದಿನ ಒಲಿಂಪಿಕ್ಸ್‌ಗೆ ಹೋಗ್ಬೇಕು ಅನ್ನೋ ಕನಸು. ಕ್ಲಬ್ ಸೇರೋಕೆ ಅರ್ಜಿ ಹಾಕುವಾಗ ಆ 17 ಪೌಂಡಿನ ವಿಷಯ ಮುಚ್ಚಿಡಲಿಲ್ಲ. ಮುಚ್ಚಿಟ್ಟಿದ್ರೆ ಬಹುಶಃ ಯಾರಿಗೂ ಗೊತ್ತಾಗ್ತಿರಲಿಲ್ಲ.

ಉತ್ತರ: ನೀನು ಪ್ರೊಫೆಷನಲ್. ಓಡುವ ಹಾಗಿಲ್ಲ.

ಓಟದಿಂದ ಒಂದು ಪೈಸೆ ಸಂಪಾದಿಸದ ಹುಡುಗನಿಗೆ, ಬೇರೆ ಆಟದಲ್ಲಿ ಚಿಕ್ಕವನಿದ್ದಾಗ ಸಿಕ್ಕ ಚಿಲ್ಲರೆಗೆ, ಆಜೀವ ಶಿಕ್ಷೆ. ಮತ್ತೆ ಮತ್ತೆ ಪತ್ರ ಬರೆದ. ಉತ್ತರ ಬದಲಾಗಲಿಲ್ಲ.

(5/8)
ಆಗಸ್ಟ್ 1956, ಲಿವರ್‌ಪೂಲ್ ಮ್ಯಾರಥಾನ್. ಓಟಗಾರರು ಸಾಲಾಗಿ ನಿಂತಿದ್ದಾರೆ. ಗುಂಪಿನಲ್ಲಿ ಉದ್ದ ಕೋಟು ಹಾಕಿದ ಒಬ್ಬ. ಓಟ ಶುರುವಾಗಿದ್ದೇ ತಡ, ಕೋಟು ಕಿತ್ತೆಸೆದು ರಸ್ತೆಗೆ ನುಗ್ಗಿದ. ಎದೆ ಮೇಲೆ ನಂಬರ್ ಇಲ್ಲ. ವಿಕ್ಟರ್ ಮೋಟಾರ್‌ಬೈಕ್ ಹತ್ತಿ ಹಿಂದೆ ಬಂದ. ಸ್ವಲ್ಪ ದೂರ ಜಾನ್ ಎಲ್ಲರಿಗಿಂತ ಮುಂದೆ ಇದ್ದ. ಆಮೇಲೆ ಕಾಲು ಕೈಕೊಟ್ಟು ನಿಂತ. ಆದರೆ ಪೇಪರಿನವರು ಅವನಿಗೊಂದು ಹೆಸರು ಕೊಟ್ಟಿದ್ರು: ಘೋಸ್ಟ್ ರನ್ನರ್, ದೆವ್ವದ ಓಟಗಾರ.

ಅಲ್ಲಿಂದ ಒಂದಾದಮೇಲೊಂದು ರೇಸಿಗೆ ದೆವ್ವ ಬಂತು. ಅಧಿಕಾರಿಗಳು ತಡೆಯೋಕೆ ಓಡಾಡ್ತಿದ್ರು, ಜನ ಚಪ್ಪಾಳೆ ತಟ್ತಿದ್ರು. ಅವನ ಸಮಯ, ಸ್ಥಾನ ಯಾವುದೂ ಫಲಿತಾಂಶದ ಹಾಳೆಯಲ್ಲಿ ಬರ್ತಿರಲಿಲ್ಲ. ಕೊನೆಗೆ 1958ರಲ್ಲಿ ಬ್ರಿಟನ್ ಒಳಗೆ ಓಡೋಕೆ ಅನುಮತಿ ಸಿಕ್ತು. ದೇಶದ ಪರವಾಗಿ ಮಾತ್ರ ಯಾವತ್ತೂ ಓಡುವ ಹಾಗಿಲ್ಲ, ಅಂತರರಾಷ್ಟ್ರೀಯ ನಿಯಮ ಒಪ್ಪಲ್ಲ ಅಂದ್ರು. ರೋಮ್ ಒಲಿಂಪಿಕ್ಸ್ ಕನಸು ಅಲ್ಲಿಗೆ ಸತ್ತಿತು.

ಅವನು ನಿಲ್ಲಲಿಲ್ಲ. ಇನ್ನೂ ದೂರ ಓಡಿದ. 40 ಮೈಲಿ ಮತ್ತು 100 ಮೈಲಿ ಟ್ರ್ಯಾಕ್ ಓಟಗಳಲ್ಲಿ ವಿಶ್ವದಾಖಲೆ ಮಾಡಿದ. ವರ್ಣಭೇದದ ದಕ್ಷಿಣ ಆಫ್ರಿಕಾಕ್ಕೆ ಹೋಗಿ ಕಾಮ್ರೇಡ್ಸ್ ಓಟದಲ್ಲೂ ನಂಬರ್ ಇಲ್ಲದೆ ಓಡಿದ. ಅಲ್ಲಿ ಬಿಳಿಯರಲ್ಲದವರಿಗೆ ದೊಡ್ಡ ರೇಸುಗಳಲ್ಲಿ ಜಾಗ ಇರಲಿಲ್ಲ, ಅವರು ತಮ್ಮದೇ ಓಟ ನಡೆಸ್ತಿದ್ರು. ಜಾನ್ ಅಲ್ಲೂ ಹೋಗಿ ಅವರ ಜೊತೆ ಓಡಿದ. ಹೊರಗೆ ನಿಲ್ಲಿಸಿಕೊಂಡವನಿಗೆ ಹೊರಗೆ ನಿಂತವರ ಸಂಕಟ ಗೊತ್ತಿತ್ತೇನೋ.

1975ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡ. ವಯಸ್ಸು 42.

(6/8)
ಹುಡುಗಿಯರು ಎಲ್ಲಿದ್ರು ಅಂತ ಕೇಳ್ತೀರಾ? ಅವರಿಗೆ ದುಡ್ಡಿನ ನೆಪ ಕೂಡ ಬೇಕಾಗಿರಲಿಲ್ಲ. “ನಿಮ್ಮ ದೇಹಕ್ಕೆ ಆಗಲ್ಲ” ಅಂದ್ರೆ ಸಾಕಿತ್ತು.

1955ರಲ್ಲಿ ಬೆನ್ ನೆವಿಸ್ ರೇಸ್ ಓಡ್ತೀನಿ ಅಂತ ಕ್ಯಾಥ್ಲೀನ್ ಕಾನೊಕಿ ಬಂದಳು. ಹದಿನಾರು ವರ್ಷ, ಅಂದ್ರೆ ನಮ್ಮ ಪಿಯುಸಿ ವಯಸ್ಸು. ಅಧಿಕೃತವಾಗಿ ಸೇರಿಸ್ಕೊಳ್ಳಲಿಲ್ಲ. ಗಂಡಸರ ಜೊತೆಗಲ್ಲದೆ ಬೇರೆಯಾಗೇ ಓಡಿ ಸುಮಾರು 3 ಗಂಟೆ 2 ನಿಮಿಷಕ್ಕೆ ಹತ್ತಿ ಇಳಿದು ಬಂದಳು.

1964ರಲ್ಲಿ ಸ್ಕಾಟ್ಲೆಂಡ್‌ನ ಡೇಲ್ ಗ್ರೇಗ್ ಐಲ್ ಆಫ್ ವೈಟ್ ಮ್ಯಾರಥಾನ್ ಓಡಿದರು. ಗಂಡಸರಿಗಿಂತ ನಾಲ್ಕು ನಿಮಿಷ ಮೊದಲೇ ಇವರನ್ನ ಬಿಟ್ರು, ಜೊತೆಗೆ ಓಡ್ತಿಲ್ಲ ಅಂತ ತೋರಿಸೋಕೆ. ಹಿಂದೆ ಒಂದು ಆಂಬುಲೆನ್ಸ್! ಈ ಹೆಂಗಸು ಎಲ್ಲಿ ಬೀಳ್ತಾರೋ ಅಂತ. ಆಂಬುಲೆನ್ಸಿಗೆ ಕೆಲಸ ಸಿಗಲಿಲ್ಲ. ಅವರು 3 ಗಂಟೆ 27 ನಿಮಿಷ 45 ಸೆಕೆಂಡಿಗೆ ಓಟ ಮುಗಿಸಿದರು, ಮ್ಯಾರಥಾನನ್ನ ಮೂರೂವರೆ ಗಂಟೆಯೊಳಗೆ ಓಡಿದ ಮೊದಲ ಮಹಿಳೆ ಅನ್ನಿಸಿಕೊಂಡರು. ಮನೆಯಲ್ಲಿ “ಹುಡುಗೀರು ಅಷ್ಟು ದೂರ ಓಡಬಾರದು” ಅಂತ ಯಾರಾದ್ರೂ ಅಂದ್ರೆ ಈ ಆಂಬುಲೆನ್ಸ್ ಕಥೆ ಹೇಳಿ.

ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಶುರುವಾಗಿದ್ದು ಅದಕ್ಕೂ ಇಪ್ಪತ್ತು ವರ್ಷ ಆದಮೇಲೆ, 1984ರಲ್ಲಿ.

(7/8)
ಬಾಗಿಲೇ ಇಲ್ಲದ ಓಟ ಒಂದಿತ್ತು. ಅದಕ್ಕೆ ಟಿಕೆಟ್ ಇಲ್ಲ, ಬಹುಮಾನ ಇಲ್ಲ, ಫಾರ್ಮ್ ಇಲ್ಲ.

ಲೇಕ್ ಡಿಸ್ಟ್ರಿಕ್ಟ್‌ನ ಕೆಸ್ವಿಕ್ ಊರಲ್ಲಿ ಬಾಬ್ ಗ್ರಹಾಂ ಅಂತ ಒಬ್ರು ಗೆಸ್ಟ್ ಹೌಸ್ ನಡೆಸ್ತಿದ್ರು. ಜೂನ್ 1932ರಲ್ಲಿ ಊರಿನ ಹಳೇ ಮೂಟ್ ಹಾಲ್‌ನಿಂದ ಹೊರಟು, ಸುತ್ತಲಿನ 42 ಶಿಖರ ಹತ್ತಿ, 23 ಗಂಟೆ 39 ನಿಮಿಷದಲ್ಲಿ ಅಲ್ಲಿಗೇ ವಾಪಸ್ ಬಂದರು. ಸುಮಾರು 106 ಕಿಲೋಮೀಟರ್. ಏರಿದ್ದನ್ನೆಲ್ಲ ಕೂಡಿದ್ರೆ 8,000 ಮೀಟರಿಗೂ ಜಾಸ್ತಿ. ಹಾಕಿದ್ದು ಟೆನಿಸ್ ಶೂ, ಚಡ್ಡಿ, ಪೈಜಾಮದ ಅಂಗಿ. ತಿಂದಿದ್ದು ಬ್ರೆಡ್ಡು ಬೆಣ್ಣೆ, ಅರೆಬೆಂದ ಮೊಟ್ಟೆ, ಹಣ್ಣು, ಮಿಠಾಯಿ.

ಟ್ರೇನಿಂಗ್ ಹೇಗೆ ಗೊತ್ತಾ? ಒಂದೊಂದು ಬೆಟ್ಟವನ್ನೂ ಮೊದಲೇ ನಡೆದು ದಾರಿ ಕಲಿತರು. ಶೂ ಸವೆಯಬಾರದು ಅಂತ ಆಗ ಬರಿಗಾಲಲ್ಲಿ ನಡೆದ್ರು ಅಂತ ಕಥೆ ಇದೆ. ಮುಂದಿನ 28 ವರ್ಷ ಇದನ್ನ ಇನ್ಯಾರಿಗೂ ಮಾಡೋಕಾಗಲಿಲ್ಲ. 1960ರಲ್ಲಿ ಆಲನ್ ಹೀಟನ್ ಮಾಡಿದರು. 1977ರಲ್ಲಿ ಜೀನ್ ಡಾಸ್, ಮೊದಲ ಮಹಿಳೆ. ಈಗ 2,000ಕ್ಕೂ ಹೆಚ್ಚು ಜನ ಮುಗಿಸಿದ್ದಾರೆ. ಪ್ರತಿ ಶಿಖರದಲ್ಲೂ ಜೊತೆಗೊಬ್ಬ ಸಾಕ್ಷಿ ಇರಬೇಕು ಅನ್ನೋದು ನಿಯಮ. ಹಾಗಾಗಿ ಇವತ್ತು ನಿಮಗೆ ಜೊತೆ ಕೊಟ್ಟವನಿಗೆ ನಾಳೆ ನೀವು ಜೊತೆ ಕೊಡ್ತೀರಿ.

ಅದೇ ಸೀಮೆಯ ಜಾಸ್ ನೇಲರ್ ಕುರಿ ಸಾಕೋರು. ಚಿಕ್ಕ ವಯಸ್ಸಲ್ಲೇ ಬೆನ್ನಿನ ಆಪರೇಷನ್ ಆಗಿತ್ತು. 1960ರಲ್ಲಿ ಮೊದಲ ರೇಸಿಗೆ ಬಂದಾಗ ಕೆಲಸದ ಬೂಟು, ಮೊಣಕಾಲಿಗೆ ಕತ್ತರಿಸಿದ ಪ್ಯಾಂಟು. 1975ರಲ್ಲಿ ಒಂದೇ ದಿನದೊಳಗೆ 72 ಶಿಖರ. 2006ರಲ್ಲಿ, 70 ವರ್ಷ ತುಂಬಿದಾಗ, 70 ಶಿಖರ. ದುಡ್ಡೂ ಇಲ್ಲ, ಪದಕನೂ ಇಲ್ಲ. ಮಾರನೇ ದಿನ ಮತ್ತೆ ಕುರಿ.

(8/8)
ಬಾಗಿಲು ತೆರೆದ ಗಳಿಗೆ ಯಾವುದು ಅಂತ ಕೇಳಿದ್ರೆ ನಾನು ಸೆಪ್ಟೆಂಬರ್ 1984ರ ಬೆನ್ ನೆವಿಸ್ ತೋರಿಸ್ತೀನಿ.

ಕೆನ್ನಿ ಸ್ಟೂವರ್ಟ್, ಕೆಸ್ವಿಕ್ ಪಕ್ಕದ ಹಳ್ಳಿಯವರು, ತೋಟದ ಕೆಲಸ. ಬೆಳೆದದ್ದೇ ಗ್ರಾಸ್‌ಮಿಯರ್ ಥರದ ದುಡ್ಡಿನ ಓಟಗಳಲ್ಲಿ, ಹಾಗಾಗಿ ‘ಪ್ರೊಫೆಷನಲ್’ ಹಣೆಪಟ್ಟಿ. 1980ರ ದಶಕದ ಶುರುವಿನಲ್ಲಿ ಅವರನ್ನ ಅಮೆಚೂರ್ ಅಂತ ಮತ್ತೆ ಒಪ್ಪಿಕೊಂಡ್ರು. ಅವತ್ತು ಬೆನ್ ನೆವಿಸ್ ಹತ್ತಿ ಇಳಿಯೋಕೆ ಅವರಿಗೆ ಬೇಕಾಗಿದ್ದು 1 ಗಂಟೆ 25 ನಿಮಿಷ 34 ಸೆಕೆಂಡ್. ನಲವತ್ತು ವರ್ಷ ಕಳೆದ್ರೂ ಆ ದಾಖಲೆ ಮುರಿದಿರಲಿಲ್ಲ. ಅದೇ ದಿನ ಪೌಲೀನ್ ಹಾವರ್ತ್ ಮಹಿಳೆಯರ ದಾಖಲೆ ಬರೆದರು. ಅದನ್ನ ಮುರಿಯೋಕೆ 2018 ಆಗ್ಬೇಕಾಯ್ತು. (ಮುಂದೆ ಇಬ್ರೂ ಮದುವೆ ಆದ್ರು!) ಹಿಂದಿನ ನಿಯಮಗಳೇ ಇದ್ದಿದ್ರೆ ಅವತ್ತು ಇಬ್ರಿಗೂ ನಂಬರ್ ಸಿಗ್ತಿರಲಿಲ್ಲ. ಒಬ್ರು ದುಡ್ಡು ಮುಟ್ಟಿದವರು, ಇನ್ನೊಬ್ರು ಹೆಂಗಸು.

ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಸಂಸ್ಥೆ ತನ್ನ ಹೆಸರಿನಿಂದ ‘ಅಮೆಚೂರ್’ ಪದ ತೆಗೆದದ್ದು 2001ರಲ್ಲಿ. ಹಾಗೆ ಬಿದ್ದುಹೋದ ಪದ ಈಗ ನಮ್ಮ ರಿಜಿಸ್ಟ್ರೇಷನ್ ಫಾರ್ಮಿನಲ್ಲಿ ಒಂದು ಚಿಕ್ಕ ಬಾಕ್ಸ್ ಆಗಿ ಕೂತಿದೆ.

ಇದನ್ನೆಲ್ಲ ಮೊನ್ನೆ ಬೆಟ್ಟ ಇಳಿಯುವಾಗ ಗೆಳತಿಗೆ ಹೇಳ್ತಾ ಬಂದೆ. ಜಾನ್ ಟಾರಂಟ್ ಕಥೆ ಬಂದಾಗ ಸುಮ್ಮನಾದಳು. ನಂದಿ ವಿಗ್ರಹದ ಹತ್ತಿರ ನಿಂತು, “ಪಾಪ, ಅವನಿಗೆ ಒಂದು ನಂಬರ್ ಕೊಟ್ಟಿದ್ರೆ ಏನು ಗಂಟು ಹೋಗ್ತಿತ್ತೋ” ಅಂದಳು. ಕೆಳಗೆ ಬಂದಮೇಲೆ ಫೋನ್ ತೆಗೆದು ಫಾರ್ಮ್ ತುಂಬಿದಳು. ಟಿಕ್ ಹಾಕಿದ್ದು ಯಾವ ಬಾಕ್ಸಿಗೆ ಅಂತ ನಿಮಗೇ ಗೊತ್ತು.

ನಿಮ್ಮ ಗುಂಪಿನಲ್ಲೂ “ನಾನೇನು ರನ್ನರ್ ಅಲ್ಲ” ಅಂತ ಹಿಂದೆ ನಿಂತಿರೋರು ಒಬ್ರು ಇದ್ದೇ ಇರ್ತಾರೆ. ಅವರಿಗೆ ಇದನ್ನ ಕಳಿಸಿ. ಭಾನುವಾರ ಬೆಳಗ್ಗೆ ಐದೂವರೆಗೆ ಮೆಟ್ಟಿಲ ಹತ್ರ ನಾವಿಬ್ರೂ ಇರ್ತೀವಿ. ನಿಧಾನಕ್ಕೆ ಹತ್ತೋಣ, ಬನ್ನಿ.

#ಓಟದಕಥೆ #ಬೆಟ್ಟದಓಟ #ಮ್ಯಾರಥಾನ್ #ಹವ್ಯಾಸಿ #ಇತಿಹಾಸಕನ್ನಡದಲ್ಲಿ